ಸ್ಟುಡಿಯೋಗೆ ರೂಮು ಬೇಡ, ಒಂದು ಮೂಲೆ ಸಾಕು

“ಚಿತ್ರ ಬಿಡಿಸೋದು ಇಷ್ಟಾನೇ. ಆದ್ರೆ ಜಾಗ ಇಲ್ಲ, ದುಡ್ಡೂ ಇಲ್ಲ. ಕೆಲಸ ಸಿಕ್ಕ ಮೇಲೆ ನೋಡೋಣ.”

ಈ ಮಾತು ನಮ್ಮ ಕ್ಯಾಂಪಸ್‌ನಲ್ಲಿ ಹೊಸದೇನಲ್ಲ. ಹೈಸ್ಕೂಲಲ್ಲಿ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದವರು ನಮ್ಮ ಕ್ಲಾಸಲ್ಲೇ ಇದ್ದಾರೆ. ಪಿಯುಸಿಯ ಎರಡು ವರ್ಷ ಸಿಇಟಿ ನುಂಗಿತು. ಈಗ ಇಂಟರ್ನಲ್ಸು, ಲ್ಯಾಬ್ ರೆಕಾರ್ಡು, ಆಮೇಲೆ ಪ್ಲೇಸ್‌ಮೆಂಟು. ಅಲ್ಲಿಯವರೆಗೆ ಕೈ ಕಾಯುತ್ತಾ? ಕಾಯಲ್ಲ. ಬಿಟ್ಟರೆ ಮರೆಯುತ್ತೆ.

ನಮ್ಮ ಪ್ರಕಾರ ನಿಜವಾದ ತಡೆ ದುಡ್ಡಲ್ಲ, ಎತ್ತಿಡೋ ಕೆಲಸ. ಸಂಜೆ ಸಿಗೋದು ಮುಕ್ಕಾಲು ಗಂಟೆ. ಪೇಪರು, ಬಣ್ಣ, ನೀರು ಎಲ್ಲಾ ಹರಡೋಕೆ ಹದಿನೈದು ನಿಮಿಷ, ಮತ್ತೆ ಬಳಿದು ಮಂಚದ ಕೆಳಗೆ ತಳ್ಳೋಕೆ ಹದಿನೈದು ನಿಮಿಷ. ಉಳಿದಿದ್ದೆಷ್ಟು? ಆದ್ದರಿಂದ ಸ್ಟುಡಿಯೋ ಅಂದ್ರೆ ದೊಡ್ಡ ಕಿಟಕಿ, ಈಸಲ್, ಖಾಲಿ ರೂಮು ಅಲ್ಲ. ಅರ್ಧ ಆದ ಚಿತ್ರ ನಾಳೆವರೆಗೂ ಹಾಗೇ ಇರಬಹುದಾದ ಜಾಗ, ಅಷ್ಟೇ.

ಇದಕ್ಕೆ ಉದಾಹರಣೆ ನಮ್ಮ ನಾಡಲ್ಲೇ ಇದೆ. ಸಾಗರದ ಕಡೆ ದೀವರ ಮನೆಗಳಲ್ಲಿ ಹೆಂಗಸರು ಹಸೆ ಚಿತ್ತಾರ ಬರೆಯೋದು ಮನೆಯ ಗೋಡೆ ಮೇಲೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಬ್ರಶ್ಶು. ಸ್ಟುಡಿಯೋ ಅನ್ನೋ ಪದವೇ ಇಲ್ಲದೆ ಆ ಗೆರೆಗಳು ತಲೆಮಾರುಗಳನ್ನ ದಾಟಿ ಬಂದಿವೆ. ಹಾಸ್ಟೆಲ್ ಗೋಡೆಗೆ ಬಣ್ಣ ಬಳಿದರೆ ವಾರ್ಡನ್ ಬಿಡಲ್ಲ, ಸರಿ. ನಮಗೆ ಗೋಡೆ ಬದಲು ಹಲಗೆ ಇದೆ.

ಡ್ರಾಯಿಂಗ್ ಬೋರ್ಡ್ ನೆನಪಿದೆಯಲ್ಲ? ಎಷ್ಟೋ ಬೋರ್ಡುಗಳು ಧೂಳು ತಿಂತಾ ಬಿದ್ದಿವೆ. ಅದನ್ನ ಟೇಬಲ್ ಮೇಲೆ ಎರಡು ದಪ್ಪ ಪುಸ್ತಕ ಕೊಟ್ಟು ಓರೆಯಾಗಿ ನಿಲ್ಲಿಸಿದರೆ ಅದೇ ಈಸಲ್. ಪೇಪರಿನ ನಾಲ್ಕೂ ಬದಿಗೆ ಮಾಸ್ಕಿಂಗ್ ಟೇಪ್ ಹಾಕಿ. ಓದೋ ಹೊತ್ತಿಗೆ ಬೋರ್ಡನ್ನ ಗೋಡೆಗೆ ಒರಗಿಸಿದರೆ ಆಯ್ತು. ರೂಮ್‌ಮೇಟ್‌ಗಳನ್ನ ಮಾತ್ರ ಮೊದಲೇ ಒಪ್ಪಿಸಿಕೊಳ್ಳಿ. ಕೇಳ್ತಿರೋದು ಎರಡು ಅಡಿ ಗೋಡೆ, ಅರ್ಧ ರೂಮಲ್ಲ.

ಈಗ ದುಡ್ಡಿನ ಲೆಕ್ಕ. ನಮ್ಮ ಅಂದಾಜು ಸಾವಿರ ರೂಪಾಯಿ: 300 ಪೇಪರಿಗೆ, 250 ಮೂರು ಬ್ರಶ್ಶಿಗೆ, 150 ಬಣ್ಣಕ್ಕೆ, 300 ದೀಪಕ್ಕೆ. ಬಣ್ಣಕ್ಕಿಂತ ಪೇಪರಿಗೆ ಜಾಸ್ತಿ ಯಾಕೆ? ಝೆರಾಕ್ಸ್ ಪೇಪರು 70–80 ಜಿಎಸ್‌ಎಂ. ಜಲವರ್ಣ ತಾಗಿದ ಕೂಡಲೇ ಹಪ್ಪಳದ ಹಾಗೆ ಉಬ್ಬುತ್ತೆ. 300 ಜಿಎಸ್‌ಎಂ ಪೇಪರು ತಡೆಯುತ್ತೆ. ಕೆಟ್ಟ ಪೇಪರಲ್ಲಿ ಒಳ್ಳೆ ಬಣ್ಣವೂ ಸೋಲುತ್ತೆ, ಒಳ್ಳೆ ಪೇಪರಲ್ಲಿ ಸಾಧಾರಣ ಬಣ್ಣವೂ ಮರ್ಯಾದೆ ಉಳಿಸಿಕೊಳ್ಳುತ್ತೆ.

ಬೆಳಕಿನ ವಿಷಯದಲ್ಲಿ ಎಲ್ಲರೂ ಹೇಳೋದು ಉತ್ತರದ ಕಿಟಕಿ. ಅದು ಯುರೋಪಿನ ನಿಯಮ. ಅಲ್ಲಿ ಸೂರ್ಯ ಯಾವತ್ತೂ ನೆತ್ತಿ ದಾಟಿ ಉತ್ತರಕ್ಕೆ ಹೋಗಲ್ಲ. ಬೆಂಗಳೂರು ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ಇರ್ತಾನೆ. ಹಾಗಾಗಿ ಕಿಟಕಿ ಯಾವ ದಿಕ್ಕಿಗಿದ್ದರೂ ತಲೆ ಕೆಡಿಸ್ಕೋಬೇಡಿ, ಬಿಸಿಲು ಬಿದ್ದರೆ ಒಂದು ಟ್ರೇಸಿಂಗ್ ಶೀಟ್ ಅಂಟಿಸಿ. ರಾತ್ರಿಗೆ 6500 ಕೆಲ್ವಿನ್‌ನ ಎಲ್‌ಇಡಿ ಬಲ್ಬು ಸಾಕು. ಹಳದಿ ಬಲ್ಬಿನ ಕೆಳಗೆ ಹಚ್ಚಿದ ನೀಲಿ, ಬೆಳಿಗ್ಗೆ ಬೇರೆಯೇ ನೀಲಿಯಾಗಿ ಕಾಣುತ್ತೆ. ಬಲಗೈಯವರು ದೀಪವನ್ನ ಎಡಕ್ಕಿಡಿ, ಕೈ ನೆರಳು ಚಿತ್ರದ ಮೇಲೆ ಬೀಳಲ್ಲ.

ಒಂದೇ ಒಂದು ‘ಬೇಡ’ ಇದೆ: ಆಯಿಲ್ ಪೇಂಟ್. ಟರ್ಪೆಂಟೈನ್ ಹೊಗೆ ಮುಚ್ಚಿದ ರೂಮಲ್ಲಿ ಒಳ್ಳೇದಲ್ಲ. ಅಗಸೆ ಎಣ್ಣೆ ಹೀರಿದ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ತಾನಾಗೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಜಲವರ್ಣ, ಪೋಸ್ಟರ್ ಕಲರ್, ಇದ್ದಿಲು, ಪೆನ್ಸಿಲ್ ಸಾಕಷ್ಟಾಯ್ತು.

ಇದರಿಂದ ಸಿಜಿಪಿಎ ಏರುತ್ತೆ, ರೆಸ್ಯೂಮೆಯಲ್ಲಿ ಹಾಕ್ಕೋಬಹುದು ಅಂತೆಲ್ಲ ನಾವು ಹೇಳಲ್ಲ. ದಿನದಲ್ಲಿ ಯಾರೂ ಮಾರ್ಕ್ಸ್ ಕೊಡದ ಒಂದು ಕೆಲಸ ಇರಲಿ ಅನ್ನೋದಷ್ಟೇ ನಮ್ಮ ವಾದ. ನಾಲ್ಕು ವರ್ಷ ಅಂಥದ್ದೊಂದೂ ಇಲ್ಲದೆ ಕಳೆದುಹೋದರೆ ಅದು ಸಣ್ಣ ನಷ್ಟವಲ್ಲ.

ಕೊನೆಗೆ ಫೈನಲ್ ಇಯರ್‌ನವರಿಗೆ ಒಂದು ವಿನಂತಿ. ಮೇ ತಿಂಗಳಲ್ಲಿ ರೂಮು ಖಾಲಿ ಮಾಡುವಾಗ ಡ್ರಾಯಿಂಗ್ ಬೋರ್ಡನ್ನ ಗುಜರಿಗೆ ಹಾಕಬೇಡಿ. ಹಾಸ್ಟೆಲ್‌ನಲ್ಲೇ ಯಾರಾದ್ರೂ ಜೂನಿಯರ್‌ಗೆ ಕೊಟ್ಟು ಹೋಗಿ. ಅವರ ಸ್ಟುಡಿಯೋದ ಅರ್ಧ ಖರ್ಚು ಅಲ್ಲಿಗೇ ಮುಗಿಯುತ್ತೆ.