ಓದಿಸುವ ಹೊಣೆ ಅಮ್ಮನ ಮೇಲೇಕೆ?

"ಮನೇಲಿ ಸ್ವಲ್ಪ ಕೂರಿಸ್ಕೊಂಡು ಓದಿಸಿ ಅಮ್ಮಾ." ಪೋಷಕರ ಸಭೆಗೆ ಹೋದ ತಾಯಂದಿರಿಗೆಲ್ಲ ಈ ಮಾತು ಕೇಳಿ ಅಭ್ಯಾಸವಾಗಿದೆ. ಹೇಳುವ ಮೇಷ್ಟ್ರಲ್ಲಿ ಕೇಡಿಲ್ಲ. ಮಗು ಹಿಂದುಳಿದಿದೆ, ಮನೆಯವರೂ ಕೈಹಾಕಿದರೆ ಮೇಲೆ ಬರುತ್ತದೆ ಎಂಬ ಕಾಳಜಿ ಅವರದು. ಆದರೆ ಎದುರಿಗೆ ಕೂತವಳು "ಹೂಂ ಸಾರ್" ಅಂದು ತಲೆತಗ್ಗಿಸುತ್ತಾಳಲ್ಲ, ಅಲ್ಲಿ ನನಗೆ ಸಂಕಟವಾಗುತ್ತದೆ. ಅವಳಿಗೆ ಓದು ಬರುವುದಿಲ್ಲ. ಅದನ್ನು ನಾಲ್ಕು ಜನರ ಮುಂದೆ ಹೇಳಲು ನಾಚಿಕೆ.

ಯಾಕೆ ಬರುವುದಿಲ್ಲ ಎಂದು ಕೇಳಬೇಕು. ದೇವನಹಳ್ಳಿ ತಾಲ್ಲೂಕಿನ ವಿಜಯಪುರವನ್ನೇ ನೋಡಿ, ಅದು ರೇಷ್ಮೆಯ ಊರು. ಸುತ್ತಲ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟ, ಊರೊಳಗೆ ಗೂಡಿನ ಮಾರುಕಟ್ಟೆ, ನೂಲು ಬಿಚ್ಚುವ ಮನೆಗಳು. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಮಕ್ಕಳು ಸಾಲಕ್ಕೆ ಜೀತವಿದ್ದದ್ದನ್ನು, ಕುದಿಯುವ ನೀರಿಗೆ ಕೈಯದ್ದಿ ಗೂಡಿನ ಎಳೆ ಹುಡುಕುತ್ತಿದ್ದದ್ದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ವರದಿಯಲ್ಲಿ ದಾಖಲಿಸಿತು. ಬಾಲಕಾರ್ಮಿಕ ನಿಷೇಧ ಕಾಯ್ದೆ ಬಂದದ್ದು 1986ರಲ್ಲಿ. ಅದಾಗಿ ಹದಿನೇಳು ವರ್ಷಕ್ಕೆ ಬಂದ ವರದಿ ಅದು. ಆಗ ಹತ್ತು ವರ್ಷದವಳಾಗಿದ್ದ ಹುಡುಗಿಗೆ ಈಗ ಮೂವತ್ತು ದಾಟಿದೆ. ಅವಳ ಮಗು ಇವತ್ತು ಎರಡನೆಯದೋ ಮೂರನೆಯದೋ ತರಗತಿಯಲ್ಲಿದೆ. ಅವಳು ನಾಲ್ಕನೇ ಕ್ಲಾಸಿನಲ್ಲಿ ಇರಬೇಕಾದ ಹೊತ್ತಿನಲ್ಲಿ ಅವಳನ್ನು ಶಾಲೆಯಲ್ಲಿ ಉಳಿಸಿಕೊಳ್ಳಲಾಗದ ವ್ಯವಸ್ಥೆಯೇ ಈಗ ಅವಳನ್ನು ಕರೆದು ಮಗುವಿಗೆ ಪಾಠ ಹೇಳಿಕೊಡು ಅನ್ನುತ್ತಿದೆ.

ಕಾನೂನು ಹಾಗೆ ಹೇಳುವುದೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಹತ್ತನೇ ಸೆಕ್ಷನ್ ತಂದೆತಾಯಿಗೆ ವಿಧಿಸುವ ಕರ್ತವ್ಯ ಒಂದೇ: ಮಗುವನ್ನು ಶಾಲೆಗೆ ಸೇರಿಸುವುದು. ಪ್ರತಿ ಮಗುವಿನ ಕಲಿಕೆಯ ಮಟ್ಟ ಅಳೆದು, ಬೇಕಿದ್ದರೆ ಹೆಚ್ಚುವರಿ ಪಾಠ ಹೇಳುವುದನ್ನು 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳ ಪಟ್ಟಿಗೆ ಸೇರಿಸಿದೆ. ಪೋಷಕರ ಜೊತೆ ಆಗಾಗ ಸಭೆ ನಡೆಸಿ ಹಾಜರಿ, ಕಲಿಕೆ, ಪ್ರಗತಿ ತಿಳಿಸಬೇಕೆಂಬುದೂ ಅದೇ ಪಟ್ಟಿಯಲ್ಲಿದೆ. ಅಂದರೆ ಸಭೆಯಲ್ಲಿ ಲೆಕ್ಕ ಒಪ್ಪಿಸಬೇಕಾದದ್ದು ಶಾಲೆ, ತಾಯಿಯಲ್ಲ. ಒಂದೇ ಕೋಣೆಯಲ್ಲಿ ಮೂರು ತರಗತಿ ನೋಡಿಕೊಂಡು, ಮೇಲಿಂದ ಸಮೀಕ್ಷೆ, ಮೊಟ್ಟೆ ಲೆಕ್ಕ, ಮೊಬೈಲಿನಲ್ಲಿ ಮಾಹಿತಿ ತುಂಬುವ ಕೆಲಸ ಹೊತ್ತ ಶಿಕ್ಷಕರ ಪಾಡು ನನಗೆ ಗೊತ್ತಿದೆ. ಅವರ ಹೊರೆ ಇಳಿಸಬೇಕಾದದ್ದು ಸರ್ಕಾರ. ಆ ಹೊರೆ ಹೋಂವರ್ಕಿನ ರೂಪದಲ್ಲಿ ಜಾರಿ ಬಡವರ ಮನೆಗೆ ಬಂದು ಕೂರುತ್ತಿದೆ, ಅಲ್ಲಿಂದ ಟ್ಯೂಷನ್ ಫೀಸಾಗಿ ಹೊರಗೆ ಹೋಗುತ್ತಿದೆ.

ಹಾಗಾದರೆ ಮನೆಯಲ್ಲಿ ಕಲಿಕೆಯೇ ಇಲ್ಲವೇ? ಹುಳು ಸಾಕುವ ಮನೆಯೊಂದರಲ್ಲಿ ಸಂಜೆ ಕೂತು ನೋಡಿ. ಮೊನ್ನೆ ನಾನು ಕೂತಿದ್ದ ಮನೆಯಲ್ಲಿ ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಮುಗಿಸಿ ಐದನೇ ಹಂತಕ್ಕೆ ಎದ್ದ ಹುಳು, ಸೊಪ್ಪು ಹಾಕಿದರೆ ಮಳೆ ಹನಿಯುವಂಥ ಸದ್ದು. ಮೂರನೇ ಕ್ಲಾಸಿನ ಹುಡುಗಿ ಅಮ್ಮನನ್ನು ಕೇಳಿದಳು: "ಇವು ಇಷ್ಟೊಂದು ಯಾಕಮ್ಮ ತಿಂತವೆ?" ತಾಯಿ ಕೈ ನಿಲ್ಲಿಸದೆ, "ಇನ್ನು ಗೂಡು ಕಟ್ಬೇಕಲ್ಲ, ಆಮೇಲೆ ಬಾಯಿಗೇನೂ ಹಾಕಲ್ಲ, ಅದಕ್ಕೆ" ಅಂದಳು. ವಿಜ್ಞಾನದ ಪುಸ್ತಕವೂ ಇದನ್ನೇ ಹೇಳುತ್ತದೆ: ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಈ ಐದನೇ ಹಂತದಲ್ಲೇ ಮುಗಿಯುತ್ತದೆ. ಎಳೆಯ ಚಾಕಿ ಹುಳುವಿಗೆ 27-28 ಡಿಗ್ರಿ ಶಾಖ ಬೇಕು, ಬೆಳೆದದ್ದಕ್ಕೆ 24-25 ಸಾಕು. ನೂರು ಮೊಟ್ಟೆಗೆ ಎಷ್ಟು ಕೆಜಿ ಗೂಡು ಬಂತು, ಹರಾಜಿನಲ್ಲಿ ಯಾವ ಧಾರಣೆ ಸಿಕ್ಕಿತು ಎಂಬುದೆಲ್ಲ ಗಣಿತವೇ. ಆ ತಾಯಿಗೆ ಇದೆಲ್ಲ ಬಾಯಿಪಾಠ. ಇವಳನ್ನು ಒಂದು ದಿನ ತರಗತಿಗೆ ಕರೆದು, ಹುಳು ಗೂಡು ಕಟ್ಟುವ ಚಂದ್ರಿಕೆ ಮುಂದಿಟ್ಟು, ಹುಳು ಹಣ್ಣಾಗಿದ್ದು ಹೇಗೆ ಗೊತ್ತಾಗುತ್ತೆ ಅಂತ ಮಕ್ಕಳಿಗೆ ಹೇಳಿಸಿದ ಶಾಲೆ ಎಷ್ಟಿವೆ?

ಇಲ್ಲಿ ಒಂದು ಗೆರೆ ಎಳೆಯಲೇಬೇಕು. ಮಗು ನೋಡುತ್ತ, ಕೇಳುತ್ತ ಜೊತೆಗಿರುವುದು ಬೇರೆ. ಹುಳು ಹಣ್ಣಾದ ವಾರ ಶಾಲೆ ಬಿಡಿಸಿ ದುಡಿಸುವುದು ಬೇರೆ. ಶಾಲೆಯ ಹೊತ್ತು ಮುಗಿದ ಮೇಲೆ ಮನೆತನದ ಕಸುಬಿಗೆ ಮಕ್ಕಳು ನೆರವಾಗಬಹುದು ಎಂದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಒಪ್ಪಿದ ಮೇಲೆ ಆ ಗೆರೆ ಇನ್ನಷ್ಟು ಮಸುಕಾಗಿದೆ. ನೂಲು ಬಿಚ್ಚುವ ಒಲೆಯ ಹತ್ತಿರ ಮಗು ಸುಳಿಯಲೇಬಾರದು. ಈ ಮಾತಿನಲ್ಲಿ ನನಗೆ ರಾಜಿಯಿಲ್ಲ.

ಮನೆಯಲ್ಲಿ ಓದಿಸದೆಯೂ ಮಕ್ಕಳು ಕಲಿಯಬಲ್ಲರೆಂದು ನಮ್ಮದೇ ನಲಿ-ಕಲಿ ತೋರಿಸಿದೆ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ, ರಿಷಿ ವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದ ಶಿಕ್ಷಕರು ಕಟ್ಟಿದ ಪದ್ಧತಿ ಅದು. ಮಗು ತನ್ನ ವೇಗದಲ್ಲಿ ಕಾರ್ಡಿನಿಂದ ಕಾರ್ಡಿಗೆ, ಕಲಿಕಾ ಏಣಿ ಹತ್ತುತ್ತದೆ. ಶಿಕ್ಷಕರು ಕೈಹಿಡಿಯುವ ತಟ್ಟೆಯಿಂದ (ಮಕ್ಕಳ ಗುಂಪಿಗೆ ಅಲ್ಲಿನ ಹೆಸರು) ಶುರುವಾಗಿ, ಗೆಳೆಯರಿಂದ ಕಲಿಯುವ ತಟ್ಟೆ ದಾಟಿ, ತಾನೇ ಮಾಡುವ ತಟ್ಟೆಗೆ ಬರುತ್ತದೆ. ಜ್ವರ ಬಂದು ವಾರ ರಜೆ ಹಾಕಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ತಾಯಂದಿರಿಗೇ ಕಲಿಸಿದರೆ ಸಾಲದೇ ಎನ್ನುವವರಿಗೂ ಉತ್ತರವಿದೆ. ಬಿಹಾರ, ರಾಜಸ್ಥಾನಗಳಲ್ಲಿ ತಾಯಂದಿರಿಗೆ ಅಕ್ಷರ ಕಲಿಸಿ, ಮನೆಯಲ್ಲಿ ಮಕ್ಕಳ ಜೊತೆ ಮಾಡುವ ಚಟುವಟಿಕೆ ಕೊಟ್ಟು ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ತಾಯಂದಿರು ಕಲಿತರು, ಮಕ್ಕಳ ಗಣಿತ ಮಾತ್ರ ಸ್ವಲ್ಪವೇ ಸುಧಾರಿಸಿತು. ತಾಯಿ ಕಲಿಯುವುದು ಅವಳ ಹಕ್ಕು, ಆಗಲೇಬೇಕು. ಶಾಲೆಯ ಕೆಲಸಕ್ಕೆ ಅದು ಬದಲಿಯಾಗದು.

ಮನೆಯಿಂದ ಕೇಳಬೇಕಾದದ್ದು ಬೇರೆಯೇ ಇದೆ. ದಿನಾ ಶಾಲೆಗೆ ಕಳಿಸುವುದು, ಹೊತ್ತಿಗೆ ಮಲಗಿಸುವುದು, ಮಗು ಕೇಳಿದ್ದಕ್ಕೆ ಗದರದೆ ಉತ್ತರ ಕೊಡುವುದು. ಮಾತು ಕನ್ನಡದಲ್ಲಿರಲಿ, ತೆಲುಗಿನಲ್ಲಿರಲಿ, ಉರ್ದುವಿನಲ್ಲಿರಲಿ. ಈ ಮೂರೂ ವಿಜಯಪುರದ ಮನೆಮಾತುಗಳೇ. "ಮನೇಲಿ ಕನ್ನಡಾನೇ ಮಾತಾಡಿ", "ಇಂಗ್ಲಿಷ್‌ನಲ್ಲಿ ಮಾತಾಡಿಸಿ" ಎಂದು ತಾಯಿಯ ಬಾಯಿ ಕಟ್ಟಿದರೆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ.

ಇನ್ನು ಸಭೆಯ ವಿಚಾರ. ಶಾಲಾಭಿವೃದ್ಧಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದರೆ ಸಮಿತಿಯದಿರಲಿ, ಪೋಷಕರದಿರಲಿ, ಸಭೆ ಕರೆಯುವುದು ಬೆಳಗ್ಗೆ ಹನ್ನೊಂದಕ್ಕೆ, ಮಾರುಕಟ್ಟೆ ನಡೆಯುವ, ಒಲೆ ಉರಿಯುವ ಹೊತ್ತಿಗೆ. ಬಂದವಳ ಒಂದು ದಿನದ ಕೂಲಿ ಹೋಗುತ್ತದೆ. ಬಾರದವಳಿಗೆ ಮಗುವಿನ ಬಗ್ಗೆ ಅಕ್ಕರೆಯಿಲ್ಲ ಎಂಬ ಹೆಸರು ಅಂಟುತ್ತದೆ. ಸಭೆಯನ್ನು ಸಂಜೆ ಆರಕ್ಕೆ ಇಡಿ. ಸಹಿ ಪುಸ್ತಕದ ಬದಲು ಮಗುವಿನ ಏಣಿಯ ಹಾಳೆ ತೆಗೆದು, ಎಲ್ಲಿದೆ, ಎಲ್ಲಿ ನಿಂತಿದೆ, ಮುಂದಿನ ತಿಂಗಳು ಶಾಲೆ ಏನು ಮಾಡುತ್ತದೆ ಎಂದು ಬೆರಳಿಟ್ಟು ತೋರಿಸಿ. ಅಕ್ಷರ ಬಾರದ ತಾಯಿಗೂ ಅದು ಅರ್ಥವಾಗುತ್ತದೆ, ಮುಂದಿನ ಸಭೆಯಲ್ಲಿ ಅವಳೇ ಕೇಳುತ್ತಾಳೆ.