ಹಿರಿಯರನ್ನು ನೆನೆಯುವ ಬಗೆ

ನವೆಂಬರ್ ತಿಂಗಳನ್ನು ಧರ್ಮಸಭೆಯು ಮೃತರ ಸ್ಮರಣೆಗೆ ಮೀಸಲಿಟ್ಟಿದೆ. ಈ ತಿಂಗಳಲ್ಲಿ ವಿಚಾರಣಾ ಗುರುಗಳ ಬಳಿಗೆ ಬರುವ ಕುಟುಂಬಗಳ ಬೇಡಿಕೆ ಸಾಮಾನ್ಯವಾಗಿ ಒಂದೇ: "ನಮ್ಮ ತಂದೆಯವರ ಕುರಿತು ಪೂಜೆಯಲ್ಲಿ ನಾಲ್ಕು ಒಳ್ಳೆಯ ಮಾತು ಹೇಳಿ, ಸ್ವಾಮಿ." ಜೊತೆಗೊಂದು ಚೀಟಿ. ನೌಕರಿಗೆ ಸೇರಿದ ವರ್ಷ, ಬಡ್ತಿ, ನಿವೃತ್ತಿ, ಕಟ್ಟಿಸಿದ ಮನೆ, ಮದುವೆ ಮಾಡಿಕೊಟ್ಟ ಮಕ್ಕಳು. ಆದರೆ ಬಲಿಪೂಜೆಯ ವಿಧಿನಿಯಮ ಸ್ಪಷ್ಟವಾಗಿದೆ. ಅಂತ್ಯಸಂಸ್ಕಾರದ ಪೂಜೆಯಲ್ಲಿ ಕಿರು ಪ್ರಬೋಧನೆ ಇರಬೇಕು, ಮೃತರ ಗುಣಗಾನ ಇರಕೂಡದು. ಇದನ್ನು ಕೇಳಿ ಹಲವರು ನೊಂದುಕೊಳ್ಳುತ್ತಾರೆ. ಎಂಬತ್ತು ವರ್ಷ ಬಾಳಿ, ಸಂಸಾರವನ್ನು ಸಾಕಿ ಸಲಹಿದ ಹಿರಿಯನನ್ನು ಹೊಗಳಲೂ ಧರ್ಮಸಭೆಗೆ ಜಿಪುಣತನವೇ ಎಂದು ಅವರಿಗೆ ತೋರುತ್ತದೆ.

ಜಿಪುಣತನವಲ್ಲ. ಹೊಗಳಿಕೆಗೆ ಪೂರ್ಣತೆಯ ಮುಖವಾಡ ಬೇಕು, ಪ್ರಾರ್ಥನೆಗೆ ಬೇಡ. ಮೃತರಿಗಾಗಿ ನಾವು ಪ್ರಾರ್ಥಿಸುತ್ತೇವೆಂದರೆ ಅವರು ಪ್ರೀತಿಗೆ ಪಾತ್ರರು ಎಂಬುದರ ಜೊತೆಗೇ ಅವರಿಗೆ ದೇವರ ಕರುಣೆಯ ಅಗತ್ಯವಿದೆಯೆಂದೂ ಒಪ್ಪಿದಂತೆ. ಸಂತ ಅಗಸ್ಟೀನರು ಇದನ್ನು ಚೆನ್ನಾಗಿ ಅರಿತಿದ್ದರು. ಅವರ ತಾಯಿ ಸಂತ ಮೋನಿಕಾ 387ರಲ್ಲಿ ಓಸ್ತಿಯಾ ಬಂದರಿನಲ್ಲಿ, ತಮ್ಮ ಊರಿನಿಂದ ದೂರದಲ್ಲಿ, ಕಣ್ಮುಚ್ಚಿದರು. ದೇಹವನ್ನು ಎಲ್ಲಿ ಹೂಳಿದರೂ ಚಿಂತೆಯಿಲ್ಲ, ಪ್ರಭುವಿನ ಪೀಠದ ಬಳಿ ನನ್ನನ್ನು ನೆನೆಯಿರಿ ಎಂಬುದಷ್ಟೇ ಆಕೆಯ ಕೋರಿಕೆ. ಮಗನು ತನ್ನ 'ಕನ್ಫೆಷನ್ಸ್' ಗ್ರಂಥದಲ್ಲಿ ತಾಯಿಯನ್ನು ಅಷ್ಟೊಂದು ಪ್ರೀತಿಯಿಂದ ನೆನೆಯುತ್ತಲೇ, ಬಾಲ್ಯದಲ್ಲಿ ಆಕೆ ಕದ್ದು ಗುಟುಕು ಗುಟುಕಾಗಿ ದ್ರಾಕ್ಷಾರಸ ಕುಡಿಯುತ್ತಿದ್ದ ಸಂಗತಿಯನ್ನೂ ಬರೆದಿದ್ದಾನೆ. ಯಾವ ಶ್ರದ್ಧಾಂಜಲಿ ಸಭೆಯಲ್ಲಿ ಇಂಥ ಮಾತು ಕೇಳಿಬಂದೀತು? ಆದರೂ ಆ ಪುಟಗಳನ್ನು ಓದಿದವರಿಗೆ ಮೋನಿಕಾರ ಮೇಲಿನ ಗೌರವ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ನಮ್ಮ ಸೀಮೆಯಲ್ಲಿ ಹೀಗೆ ನೆನೆಯಬೇಕಾದ ಒಬ್ಬ ಹಿರಿಯರೆಂದರೆ ಸಂಡೂರಿನ ಎಂ. ವೈ. ಘೋರ್ಪಡೆಯವರು. ಅವರು ನಮ್ಮ ಮತದವರಲ್ಲ. ಅದು ಅಡ್ಡಿಯೂ ಅಲ್ಲ, ಸಕಲ ಮೃತರ ಸ್ಮರಣೆಯಲ್ಲಿ 'ಸಕಲ' ಎಂಬ ಪದಕ್ಕೆ ನಾವೇಕೆ ಬೇಲಿ ಹಾಕಬೇಕು? 1931ರ ಡಿಸೆಂಬರ್ 7ರಂದು ಜನಿಸಿದ ಅವರು 2011ರ ಅಕ್ಟೋಬರ್ 29ರಂದು, ನಮ್ಮ ಮೃತರ ದಿನಕ್ಕೆ ನಾಲ್ಕು ದಿನ ಮುಂಚೆ, ನಿಧನರಾದರು. ಇನ್ನಾರು ವಾರ ಕಳೆದಿದ್ದರೆ ಎಂಬತ್ತು ತುಂಬುತ್ತಿತ್ತು.

ಚೀಟಿಯಲ್ಲಿ ಬರೆದುಕೊಡುವಂಥ ವಿವರಗಳು ಅವರ ಬಾಳಿನಲ್ಲಿ ಧಾರಾಳವಾಗಿವೆ. ಸಂಸ್ಥಾನದ ರಾಜಮನೆತನ, ಕೇಂಬ್ರಿಜ್‌ನಲ್ಲಿ ವ್ಯಾಸಂಗ, ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಖಾತೆ, ಮುಂದೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ. ಇವೆಲ್ಲ ಸರಕಾರಿ ದಾಖಲೆಯಲ್ಲಿ ಭದ್ರವಾಗಿರುತ್ತವೆ, ನಾವು ನೆನೆಯದಿದ್ದರೂ ನಷ್ಟವಿಲ್ಲ. ನೆನೆಯಬೇಕಾದದ್ದು ಬೇರೆ. ಅರಸುಮನೆಗಳಲ್ಲಿ ಬೇಟೆಯೆಂಬುದು ಕುಲಾಚಾರವಾಗಿದ್ದ ಕಾಲದಲ್ಲಿ ಹುಟ್ಟಿದ ಈ ವ್ಯಕ್ತಿ ಕಾಡಿಗೆ ಹೋದದ್ದು ಕ್ಯಾಮೆರಾ ಹಿಡಿದು. ಕೋವಿ ಹಿಡಿದವನಿಗೆ ಒಂದು ಕ್ಷಣ ಸಾಕು. ಕ್ಯಾಮೆರಾ ಹಿಡಿದವನು ಗಾಳಿಯ ದಿಕ್ಕು ನೋಡಬೇಕು, ಬೆಳಕಿಗಾಗಿ ಕಾಯಬೇಕು, ಆನೆ ಬಾರದಿದ್ದರೆ ಬರಿಗೈಯಲ್ಲಿ ಮರಳಿ ಮರುದಿನ ಮತ್ತೆ ಹೋಗಬೇಕು. ಹಾಗೆ ಕಾದು ಪಡೆದ ಚಿತ್ರಗಳಿಂದ ಅವರು ದೇಶದ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರಲ್ಲಿ ಒಬ್ಬರಾದರು. ಅವರ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಪುಸ್ತಕ 1983ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ನಮ್ಮ ಹಂಪಿಯನ್ನು ಕುರಿತೂ ಅವರದೊಂದು ಪುಸ್ತಕವಿದೆ. ಗುರುಮಠದಲ್ಲಿ ತತ್ತ್ವಶಾಸ್ತ್ರ ಕಲಿತವರಿಗೆ 'ಧ್ಯಾನ' ಎಂಬ ಪದದ ಗ್ರೀಕ್ ಮೂಲ ನೆನಪಿರುತ್ತದೆ: 'ಥಿಯೋರಿಯಾ', ಅಂದರೆ ನೋಡುವುದು. ತನ್ನದಾಗಿಸಿಕೊಳ್ಳುವ ಆಸೆಯಿಲ್ಲದೆ ನೋಡುವುದು.

ಮನೆತನದಿಂದ ಅವರಿಗೆ ಬಂದ ಆಸ್ತಿ ಅರಮನೆಯೊಂದೇ ಅಲ್ಲ. ಅವರು ಹುಟ್ಟಿದ ಮರುವರ್ಷ, 1932ರಲ್ಲಿ, ಅವರ ತಂದೆ ಯಶವಂತರಾವ್ ಘೋರ್ಪಡೆಯವರು ಸಂಸ್ಥಾನದ ದೇವಾಲಯಗಳನ್ನು ದಲಿತರಿಗೆ ತೆರೆದರು. ತಿರುವಾಂಕೂರಿನ ಪ್ರಖ್ಯಾತ ದೇವಾಲಯ ಪ್ರವೇಶ ಘೋಷಣೆ ಹೊರಬಿದ್ದದ್ದು 1936ರಲ್ಲಿ, ಅಂದರೆ ಸಂಡೂರಿನದು ನಾಲ್ಕು ವರ್ಷ ಮೊದಲು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದರು. ಇಂಥ ತಂದೆಯ ಮಗನಾಗಿ ಬೆಳೆಯುವುದೂ ಒಂದು ಶಿಕ್ಷಣವೇ. ಈ ಕುಟುಂಬದ ಆಶ್ರಯದಲ್ಲಿ ಬೆಳೆದ ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ತಾಯಂದಿರ ಸೂಜಿ ಕೆಲಸ ಉಳಿದುಕೊಂಡಿತು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಇಲ್ಲಿಗೆ ನಿಲ್ಲಿಸಿದರೆ ಇದೂ ಒಂದು ಗುಣಗಾನವಾದೀತು. ಇದೇ ಮನೆತನ 1954ರಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು ಸಂಸ್ಥೆಯನ್ನು ಸ್ಥಾಪಿಸಿತು. ಬೆಟ್ಟಗಳನ್ನು ಪ್ರೀತಿಸಿದ ಕಣ್ಣು, ಬೆಟ್ಟಗಳನ್ನು ಅಗೆದ ಉದ್ಯಮ, ಎರಡೂ ಒಂದೇ ಮನೆಯಲ್ಲಿದ್ದವು. ಆ ಸಂಸ್ಥೆಯ ಮೇಲೆ ಆರೋಪ ಹೊರಿಸುವುದು ಈ ಅಂಕಣದ ಉದ್ದೇಶವಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆ ಗಗನಕ್ಕೇರಿದಾಗ ಇಲ್ಲಿ ನಡೆದ ಲೂಟಿಯನ್ನೂ, ಐವತ್ತು ವರ್ಷ ಗಣಿ ನಡೆಸಿ ಸಾವಿರಾರು ಮನೆಗಳ ಒಲೆ ಉರಿಸಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳ ಅನ್ನವೂ ಗಣಿಯಿಂದಲೇ ಬಂದಿದೆ. ಕಾಣಿಕೆ ತಟ್ಟೆಗೂ ಆ ಕೆಂಪು ಧೂಳು ಅಂಟಿದೆ. 2011ರ ಜುಲೈ ಕೊನೆಯ ವಾರದಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಹೊರಬಂದು, ಅದರ ಬೆನ್ನಿಗೇ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮೂರು ತಿಂಗಳಿಗೆ ಘೋರ್ಪಡೆಯವರು ಹೋದರು. ತಾನು ನೋಡುತ್ತ ಬೆಳೆದ ಬೆಟ್ಟಗಳ ಆಕಾರವೇ ಬದಲಾದದ್ದನ್ನು ಕಂಡು ಹೋದ ವೃದ್ಧರನ್ನು ನೆನೆಯುವಾಗ, ಆ ನೋವನ್ನೂ ಆ ಋಣವನ್ನೂ ಸೇರಿಸಿಯೇ ನೆನೆಯಬೇಕು. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದರು. ಮನೆಯನ್ನು ಪ್ರೀತಿಸುವವನೇ ಅದರ ಗೋಡೆಗೆ ಮೊಳೆಯನ್ನೂ ಹೊಡೆದಿರುತ್ತಾನೆ.

ಹೆಸರಾಂತರ ಮಾತಾಯಿತು. ನಮ್ಮ ಹೊಸಪೇಟೆ, ಕಂಪ್ಲಿಗಳ ಮನೆಗಳಲ್ಲೂ ಇಂಥ ಅಜ್ಜಂದಿರು ಇದ್ದರು, ಇದ್ದಾರೆ. ತುಂಗಭದ್ರಾ ಅಣೆಕಟ್ಟಿನ ಕೆಲಸಕ್ಕೋ ರೈಲ್ವೆಗೋ ಗಣಿಗೋ ಬಂದು ನೆಲೆನಿಂತವರು. ಭಾನುವಾರ ಪೂಜೆ ಮುಗಿದ ಮೇಲೆ ಗಾಳ ಹಿಡಿದು ಕಾಲುವೆಯ ದಡಕ್ಕೆ ಹೊರಟವರು, ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾತಂಗ ಪರ್ವತ ಹತ್ತಿದವರು. ಹೆಚ್ಚು ಮಾತನಾಡದ ಈ ಹಿರಿಯರು ಸಂಸಾರದ ಮೇಲಿನ ಪ್ರೀತಿಯನ್ನು ತೋರಿಸುತ್ತಿದ್ದ ರೀತಿಯೇ ಅದು: ಯಾವ ಹಕ್ಕಿಯ ಕೂಗು, ಯಾವ ಹಣ್ಣು ತಿನ್ನಬಹುದು, ಹೊಳೆಯಲ್ಲಿ ಎಲ್ಲಿ ಕಾಲಿಡಬಾರದು. ಅವರ ಶ್ರಾದ್ಧದ ಚೀಟಿಯಲ್ಲಿ ಇದು ಮಾತ್ರ ಇರುವುದಿಲ್ಲ. ಬಯಲನ್ನು ಪ್ರೀತಿಸುವುದೂ ಒಂದು ಗುಣವೆಂದು ಯಾರಿಗೂ ಹೊಳೆದಿರುವುದಿಲ್ಲ, ಅಜ್ಜನ ಗೀಳು ಎಂದು ನಕ್ಕು ಬಿಟ್ಟಿರುತ್ತಾರೆ.

ನವೆಂಬರ್ 1ರಿಂದ 8ರವರೆಗೆ ಸ್ಮಶಾನಕ್ಕೆ ಹೋಗಿ ಮೃತರಿಗಾಗಿ ಪ್ರಾರ್ಥಿಸುವವರು ಸೂಕ್ತ ಸಿದ್ಧತೆಯೊಡನೆ ಪೂರ್ಣ ದಂಡವಿಮೋಚನೆಯನ್ನು ಪಡೆದು ಮೃತರಿಗೆ ಅರ್ಪಿಸಬಹುದೆಂಬುದು ಧರ್ಮಸಭೆಯ ಬೋಧನೆ. ತಪ್ಪದೆ ಹೋಗಿ. ಸಮಾಧಿಗೆ ಪ್ಲಾಸ್ಟಿಕ್ ಹೂವಿನ ಹಾರ ಬೇಡ, ಅದು ವರ್ಷಗಟ್ಟಲೆ ಅಲ್ಲೇ ಬಿದ್ದಿರುತ್ತದೆ. ಮೇಣದ ಬತ್ತಿ ಹಚ್ಚಿದ ಮೇಲೆ, ಆ ವಾರದೊಳಗೆ ಒಂದು ದಿನ, ಮೃತ ಹಿರಿಯರು ಓಡಾಡುತ್ತಿದ್ದ ಜಾಗಕ್ಕೂ ಮಕ್ಕಳನ್ನು ಕರೆದೊಯ್ಯಿರಿ. 1994ರಲ್ಲಿ ಕರಡಿಗಳಿಗೆಂದು ಮೀಸಲಿಟ್ಟ ದರೋಜಿಯ ಕಲ್ಲುಗುಡ್ಡಗಳು ಹತ್ತಿರವೇ ಇವೆ. ಮುದ್ಲಾಪುರದಿಂದ ಕಂಪ್ಲಿಯ ಸೇತುವೆಯವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ರಕ್ಷಣೆಗೆ ಮೀಸಲಿಡಲಾಗಿದೆ. ಅಜ್ಜ ಗಾಳ ಹಾಕುತ್ತಿದ್ದ ಬಂಡೆ ಬಹುಶಃ ಆ ಸೀಮೆಯೊಳಗೇ ಇದ್ದೀತು. ಅಲ್ಲಿ ಕುಳಿತು ಅವರ ಒಳ್ಳೆಯದನ್ನೂ, ಮುಂಗೋಪವಿದ್ದರೆ ಮುಂಗೋಪವನ್ನೂ ಮಕ್ಕಳಿಗೆ ಹೇಳಿ, ಬಳಿಕ ಒಂದು ಪರಲೋಕ ಜಪವನ್ನು ಒಟ್ಟಾಗಿ ಹೇಳಿರಿ.