ಗೈರುಹಾಜರಿಯು ಸೊನ್ನೆಯಲ್ಲ

೨೦೧೯ರ ಅಗಸ್ಟದಲ್ಲಿ ಕೃಷ್ಣೆಯು ದಂಡೆ ಮೀರಿ ಹರಿದ ದಿನಗಳನ್ನು ಜುಗೂಳದ ವಾಚಕರಿಗೆ ನಾನು ನೆನಪು ಮಾಡಿಕೊಡಬೇಕಾಗಿಲ್ಲ. ಆ ವರುಷ ನಮ್ಮ ವಿದ್ಯಾರ್ಥಿನಿಯೊಬ್ಬಳು ನಾಲ್ಕು ಕಿರುಪರೀಕ್ಷೆಗಳಲ್ಲಿ ಒಂದಕ್ಕೆ ಬರಲಾರದೆ ಹೋದಳು. ಉಳಿದ ಮೂರರಲ್ಲಿ ಅವಳಿಗೆ ಬಂದ ಗುಣಗಳು ೬೦, ೬೬, ೫೪, ಸರಾಸರಿ ೬೦. ಆದರೆ ಗುಣಪತ್ರಿಕೆಯನ್ನು ತೋರಿಸುವ ಜಾಲಪುಟವು ೪೫ ಎಂದು ಸಾರಿತು. ತಾಯಿಯು ಅದನ್ನು ಕಂಡು ನನ್ನಲ್ಲಿಗೆ ಬಂದು, “ಅಕ್ಕೋರ, ಹುಡುಗಿಗೆ ಸಾಲಿ ಹತ್ತವಲ್ದು; ಇನ್ನ ಮನ್ಯಾಗ ಇರ್ಲಿ” ಎಂದಳು.

ಇಂಥ ಪುಟಗಳಿಗೆ ಮಾಹಿತಿಯು ಸಾಮಾನ್ಯವಾಗಿ ಜೇಸನ್ ಎಂಬ ಬರಹದ ಕಟ್ಟಿನಲ್ಲಿ ಬರುತ್ತದೆ. ೨೦೦೧ರ ಸುಮಾರಿಗೆ ಅಮೇರಿಕದ ಡಗ್ಲಸ್ ಕ್ರಾಕ್‌ಫೋರ್ಡ್ ಎಂಬವರು ಬಳಕೆಗೆ ತಂದ ಈ ಪದ್ಧತಿಯು ಬಹು ಸರಳವಾದುದು: ಹೆಸರು, ಅದರ ಮುಂದೆ ಎರಡು ಚುಕ್ಕೆ, ಆಮೇಲೆ ಬೆಲೆ. ಬೆಲೆಯು ಅಂಕೆಯಾಗಬಹುದು, ಉದ್ಧರಣಚಿಹ್ನೆಗಳೊಳಗಿನ ಅಕ್ಷರಗಳಾಗಬಹುದು, ಪಟ್ಟಿಯೂ ಆಗಬಹುದು. ಏನೂ ಇಲ್ಲದಲ್ಲಿ ‘ನಲ್’ ಎಂದು ಬರೆಯುವರು. ನಮ್ಮ ಹುಡುಗಿಯು ತಪ್ಪಿಸಿಕೊಂಡ ಪರೀಕ್ಷೆಯ ಮುಂದೆ ‘ನಲ್’ ಎಂದೇ ಇದ್ದಿತು. ಜೇಸನ್ ಸುಳ್ಳಾಡಲಿಲ್ಲ. ಅದನ್ನು ಓದಿ ಲೆಕ್ಕಮಾಡುವ ಜಾವಾಸ್ಕ್ರಿಪ್ಟ್ ಭಾಷೆಯು ಮಾತ್ರ, ಕೂಡಿಸುವಾಗ ‘ನಲ್’ ಎದುರಾದರೆ, ಸದ್ದಿಲ್ಲದೆ ಅದನ್ನು ಸೊನ್ನೆಯೆಂದೆಣಿಸುತ್ತದೆ. ಹೀಗೆ ೧೮೦ನ್ನು ಮೂರರಿಂದ ಭಾಗಿಸುವ ಬದಲು ನಾಲ್ಕರಿಂದ ಭಾಗಿಸಿದ್ದಾಯಿತು.

ಗುಣಗಳನ್ನು ಉದ್ಧರಣಚಿಹ್ನೆಗಳೊಳಗೆ ಬರೆದಿದ್ದರೆ, ಅದೇ ಭಾಷೆಯು ೬೦ನ್ನೂ ೬೬ನ್ನೂ ಕೂಡಿಸದೆ ಪಕ್ಕಪಕ್ಕದಲ್ಲಿಟ್ಟು ೬೦೬೬ ಎನ್ನುತ್ತಿತ್ತು! ಅಂಥ ತಪ್ಪಿಗೆ ನಾನು ಹೆದರೆನು. ಯಾರು ಕಂಡರೂ ನಕ್ಕು ತಿದ್ದುವರು. ೪೫ ಎಂಬುದು ನಂಬತಕ್ಕ ಸಂಖ್ಯೆ. ತಾಯಿಯು ನಂಬಿದಳು, ಮೊದಲು ನಾನೂ ನಂಬಿದೆನೆಂದು ಒಪ್ಪಿಕೊಳ್ಳಬೇಕು.

ಆದುದರಿಂದ ಹುಡುಗಿಯರಿಗೆ ಗಣಕಯಂತ್ರವನ್ನು ಕಲಿಸುವವರು, ಪುಟಕ್ಕೆ ಬಣ್ಣ ಕಟ್ಟುವುದಕ್ಕಿಂತ ಮೊದಲು ಇದನ್ನು ಕಲಿಸತಕ್ಕದ್ದೆಂದು ನನ್ನ ಅಭಿಪ್ರಾಯ. ಕೂಡಿಸುವ ಮುನ್ನ ‘ನಲ್’ ಇರುವ ಬೆಲೆಗಳನ್ನು ಬೇರ್ಪಡಿಸಿ, ಉಳಿದವು ಎಷ್ಟೋ ಅಷ್ಟರಿಂದಲೇ ಭಾಗಿಸಬೇಕು. ಪುಟದಲ್ಲಿ ಆ ಸ್ಥಳದಲ್ಲಿ ‘ಗೈರುಹಾಜರ್’ ಎಂದು ತೋರಿಸಬೇಕು. ಎರಡು ಮೂರು ಸಾಲಿನ ಕೆಲಸವಷ್ಟೆ. ಹೀಗಾದರೆ ಬೇಕೆಂತಲೇ ಪರೀಕ್ಷೆ ತಪ್ಪಿಸುವವಳಿಗೆ ಲಾಭವಾಗದೇ, ಎಂದು ನಮ್ಮಲ್ಲಿಯೇ ಕೆಲವರು ಕೇಳುತ್ತಾರೆ. ಆಗಬಹುದು. ಅಂಥವಳಿಗೆ ಸೊನ್ನೆಯನ್ನು ಕೊಡುವುದು ಯೋಗ್ಯವೆಂದು ತೋರಿದರೆ, ಶಿಕ್ಷಕಿಯು ವಿಚಾರಿಸಿ ತನ್ನ ಕೈಯಿಂದಲೇ ೦ ಎಂದು ಬರೆಯಲಿ, ಕೇಳಿದವರಿಗೆ ಕಾರಣವನ್ನೂ ಹೇಳಲಿ. ಹೊಳೆ ದಾಟಲಾರದವಳಿಗೂ ಅಭ್ಯಾಸ ಮಾಡದವಳಿಗೂ ಒಂದೇ ತೀರ್ಪನ್ನು ಯಂತ್ರವು ಕೊಡುವುದನ್ನು ನಾನು ಒಪ್ಪಲಾರೆನು.

ಪುಟವನ್ನು ತಿದ್ದಿಸಿ, ೬೦ ಎಂಬುದನ್ನು ತಾಯಿಗೆ ತೋರಿಸಿದೆವು. ಆಕೆಗೆ ಓದಲು ಬಾರದು. ಅಂಕೆಗಳನ್ನು ಮಾತ್ರ ಬಲ್ಲಳು. ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಮರುದಿನ ಹುಡುಗಿಯು ಶಾಲೆಗೆ ಬಂದಳು.